ಕಂಬಳಿಯ ಆಯ್ಕೆ ಮತ್ತು ಆರೈಕೆ

ಪರೀಕ್ಷೆಗೆ ಬಾರದ ಪಾಠಗಳನ್ನು ನಾವು ವಿದ್ಯಾರ್ಥಿಗಳು ಕಲಿಯುವುದು ಸಾಮಾನ್ಯವಾಗಿ ನಷ್ಟ ಅನುಭವಿಸಿದ ಮೇಲೆಯೇ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದೂ ಅಂಥದೊಂದು ಪಾಠವನ್ನೇ. ಕಂಬಳಿಯೆಂದರೆ ನಮ್ಮಲ್ಲಿ ಅನೇಕರಿಗೆ ಕುರಿ ಕಾಯುವವನ ಹೆಗಲ ಮೇಲಿನ ಕರಿಯ ಹೊದಿಕೆ, ಅಷ್ಟೆ. ಅದನ್ನು ಆರಿಸಿ ಕೊಳ್ಳುವುದು ಒಂದು ವಿದ್ಯೆ, ಕೊಂಡ ಮೇಲೆ ಕಾಪಾಡುವುದು ಇನ್ನೊಂದು ವಿದ್ಯೆ ಎಂದರೆ ನಗುವವರೇ ಹೆಚ್ಚು. ಹಿಂದೆ ನಾನೂ ನಕ್ಕವನೇ. ಆ ನಗೆಗೆ ನಾನು ತೆತ್ತ ಬೆಲೆ ಏನೆಂಬುದನ್ನು ಮೊದಲು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ನಾನು ಚಳ್ಳಕೆರೆ ಸೀಮೆಯವನು. ನಮ್ಮ ಮನೆಯಲ್ಲಿ ಅಜ್ಜಿ ನೂಲುತ್ತಿದ್ದಳು, ತಾತ ನೇಯುತ್ತಿದ್ದ. ತಾತ ತೀರಿಕೊಂಡ ಮೇಲೆ ಮಗ್ಗ ಮೂಲೆ ಸೇರಿತು. ಮಗ್ಗದ ಗುಂಡಿಯನ್ನು ಮುಚ್ಚಿ ಅದರ ಮೇಲೆ ಸಿಮೆಂಟಿನ ನೆಲ ಹಾಕಿಸಿದೆವು. ನಾನು ಬಿ.ಎ. ತರಗತಿಗೆ ಸೇರಿ ವಿದ್ಯಾರ್ಥಿನಿಲಯಕ್ಕೆ ಹೊರಟಾಗ, ಅಜ್ಜಿ ತಾತನ ಕೈಯ ಕಡೆಯ ಕಂಬಳಿಯನ್ನು ಮಡಿಸಿ ನನ್ನ ಟ್ರಂಕಿನಲ್ಲಿಟ್ಟಳು. "ಹಾಸಿಕೋ, ಹೊದ್ದುಕೋ, ಎರಡಕ್ಕೂ ಆಗ್ತದೆ" ಎಂದಳು.

ಮಳೆಗಾಲದಲ್ಲಿ ಉಣ್ಣೆಗೆ ಒಂದು ವಾಸನೆ ಬರುವುದುಂಟು. ಕೋಣೆಯ ಗೆಳೆಯರು, "ಏನಯ್ಯಾ, ಕುರಿಯನ್ನೂ ಕಾಲೇಜಿಗೆ ಸೇರಿಸಿದ್ದೀಯೋ?" ಎಂದು ಹಾಸ್ಯ ಮಾಡಿದರು. ನನಗೆ ನಾಚಿಕೆಯಾಯಿತು. ಒಂದು ಭಾನುವಾರ ಎರಡು ಬಕೆಟ್ಟು ಕುದಿಯುವ ನೀರಿಗೆ ಬಟ್ಟೆಸೋಡ ಮತ್ತು ಸಾಬೂನಿನ ಪುಡಿ ಸುರಿದು, ಕಂಬಳಿಯನ್ನು ನೆನೆಹಾಕಿ, ಒಗೆಯುವ ಕಲ್ಲಿನ ಮೇಲೆ ಚೆನ್ನಾಗಿ ಬಡಿದೆ. ಗೆಳೆಯನೊಬ್ಬ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ಹಗ್ಗ ಹೊಸೆದಂತೆ ಹಿಂಡಿದೆವು. ಸಂಜೆ ನೋಡಿದರೆ ಆರು ಅಡಿಯ ಕಂಬಳಿ ನಾಲ್ಕು ಅಡಿಗೆ ಇಳಿದಿತ್ತು. ಮೃದುತ್ವ ಹೋಗಿ ಹಲಗೆಯಂತೆ ಸೆಟೆದುಕೊಂಡಿತ್ತು. ಎಳೆದೆ, ನೀವಿದೆ, ಮತ್ತೆ ನೆನೆಸಿದೆ. ಏನು ಮಾಡಿದರೂ ಅದು ಮೊದಲಿನಂತಾಗಲಿಲ್ಲ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅಜ್ಜಿಯ ಮುಂದೆ ಇಟ್ಟೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅಜ್ಜಿ ಬೈಯಲಿಲ್ಲ. ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಬೆರಳಾಡಿಸಿದಳು. ಕೊನೆಗೆ, "ಮಗಾ, ಇದು ಬಟ್ಟೆ ಅಲ್ಲ ಕಣೋ, ಕೂದಲು. ನಿನ್ನ ತಲೆಗೆ ಕುದಿಯೋ ನೀರು ಹೊಯ್ಕೊಂತೀಯಾ? ಸೋಡ ಹಚ್ಚಿ ಕಲ್ಲಿಗೆ ಬಡೀತೀಯಾ?" ಎಂದಳು.

ಕಂಬಳಿಯ ವಿಷಯದಲ್ಲಿ ಕಲಿಯಬೇಕಾದದ್ದೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಮುಂದೆ ಹೇಳುವುದೆಲ್ಲ ಆ ಮಾತಿನ ವಿವರಣೆ.

ಉಣ್ಣೆಯ ಗುಣ

ಹತ್ತಿ ಗಿಡದ ವಸ್ತು. ಉಣ್ಣೆ ಪ್ರಾಣಿಯ ವಸ್ತು. ಉಣ್ಣೆ, ನಮ್ಮ ಕೂದಲು, ಉಗುರು ಇವೆಲ್ಲ ಕೆರಟಿನ್ ಎಂಬ ಒಂದೇ ಜಾತಿಯ ಪ್ರೋಟೀನಿನಿಂದ ಆದವು. ಸೂಕ್ಷ್ಮದರ್ಶಕದ ಕೆಳಗೆ ಉಣ್ಣೆಯ ಒಂದು ಎಳೆಯನ್ನಿಟ್ಟು ನೋಡಿದರೆ, ಮನೆಯ ಮೇಲೆ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಪೊರೆಗಳು ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಬಿಸಿನೀರು, ಸಾಬೂನು, ತಿಕ್ಕಾಟ ಈ ಮೂರೂ ಕೂಡಿದಾಗ ಪಕ್ಕಪಕ್ಕದ ಎಳೆಗಳ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಒಮ್ಮೆ ಬಿಗಿದುದನ್ನು ಮತ್ತೆ ಬಿಡಿಸಲಾಗದು. ನನ್ನ ಕಂಬಳಿ ಕುಗ್ಗಿದ್ದು ಹೀಗೆ.

ಉಣ್ಣೆಯ ಎಳೆ ನೇರವಾಗಿರುವುದಿಲ್ಲ, ಅಲೆಅಲೆಯಾಗಿರುತ್ತದೆ. ಆ ಸುರುಳಿಗಳ ಸಂದಿನಲ್ಲಿ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಗೊಡದು. ಆದಕಾರಣ ತಣ್ಣಗಿನ ಕಲ್ಲುನೆಲದ ಮೇಲೆ ಕಂಬಳಿ ಹಾಸಿದರೆ ಬೆಚ್ಚಗಿರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವನಿಗೆ ಒದ್ದೆಯೆನಿಸುವುದಿಲ್ಲ. ತೇವವನ್ನು ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ದುಡಿಯುವ ಮಲೆನಾಡಿನ ರೈತನಿಗೆ ಈ ಭೌತಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಬಯಲುಸೀಮೆಯ ಕಂಬಳಿಗೆ ಬಳಸುವುದು ಮುಖ್ಯವಾಗಿ ದಖನಿ ತಳಿಯ ಕುರಿಯ ಉಣ್ಣೆ. ಅದು ಒರಟು. ಮೆರಿನೋ ಉಣ್ಣೆಯ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಕಡಿಮೆಯಿದ್ದರೆ, ನಮ್ಮ ಕುರಿಯದು 30ನ್ನು ಮೀರುತ್ತದೆ. (ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.) ಅಷ್ಟು ದಪ್ಪದ ಎಳೆ ಚರ್ಮಕ್ಕೆ ಚುಚ್ಚುತ್ತದೆ. ಆದರೆ ನೆಲಕ್ಕೆ ಹಾಸುವುದಕ್ಕೆ ಆ ಒರಟುತನವೇ ಯೋಗ್ಯತೆ. ತುಳಿತಕ್ಕೆ ಅದು ಬಹುಕಾಲ ತಾಳುತ್ತದೆ.

ಕಂಬಳಿ ಹುಟ್ಟುವ ಬಗೆ

ವಸ್ತು ಹೇಗೆ ಹುಟ್ಟಿತೆಂದು ತಿಳಿಯದವನಿಗೆ ಅದರ ಗುಣದೋಷ ಕಾಣದು. ಕುರಿಗಳನ್ನು ಹಳ್ಳದಲ್ಲೋ ಕೆರೆಯಲ್ಲೋ ಮೈತೊಳೆದು, ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಕಸಕಡ್ಡಿ, ಮುಳ್ಳು ಆರಿಸಿ, ಬಣ್ಣಕ್ಕೆ ತಕ್ಕಂತೆ ಬೇರೆಮಾಡಿ, ಹಿಂಜಿ, ರಾಟೆಯಲ್ಲಿ ನೂಲುತ್ತಾರೆ. ನೂಲುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ನಾವು ಮಾತಿನಲ್ಲಿ ಬಳಸುವ 'ಹಾಸುಹೊಕ್ಕು' ಮಗ್ಗದಿಂದಲೇ ಬಂದ ಮಾತು. ಹಾಸನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು, ಹುಣಸೆಬೀಜವನ್ನು ನೆನೆಸಿ ಅರೆದು ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಹಚ್ಚುತ್ತಾರೆ. ಗಂಜಿ ಕುಡಿದ ಎಳೆ ಗಟ್ಟಿಯಾಗಿ, ನೇಯುವಾಗ ತುಂಡಾಗದು. ಆಮೇಲೆ ನೇಕಾರ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿಯನ್ನು ಓಡಿಸುತ್ತಾನೆ.

ನಮ್ಮ ಅಜ್ಜಿಯ ಲೆಕ್ಕದಲ್ಲಿ ನೇಯ್ಗೆಗಿಂತ ನೂಲುವುದಕ್ಕೇ ಹೆಚ್ಚು ದಿನ. "ನೇಯೋನ ಹೆಸರು, ನೂಲೋಳ ಬೆರಳು" ಎಂದು ಅವಳು ತಾತನನ್ನು ಛೇಡಿಸುತ್ತಿದ್ದಳಂತೆ.

ಆಯ್ಕೆ

ಅದೇ ರಜೆಯಲ್ಲಿ ಇನ್ನೊಂದು ಕಂಬಳಿ ಕೊಳ್ಳಲು ಅಜ್ಜಿಯೊಡನೆ ಸಂತೆಗೆ ಹೋದೆ. ಅಂದು ಅವಳು ಮಾಡಿದ ಪರೀಕ್ಷೆಗಳನ್ನೂ, ಅವುಗಳ ಕಾರಣಗಳನ್ನು ಆಮೇಲೆ ನಾನು ಓದಿ ತಿಳಿದುದನ್ನೂ ಇಲ್ಲಿ ಕೂಡಿಸಿ ಬರೆಯುತ್ತೇನೆ.

ಮೊದಲನೆಯದಾಗಿ, ಯಾವ ಬಳಕೆಗೆ ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೋಗತಕ್ಕದ್ದು. ಹಾಸುವುದಕ್ಕಾದರೆ ದೊಡ್ಡ ಕುರಿಯ ಒರಟು ಉಣ್ಣೆಯದು, ದಪ್ಪನಾಗಿ ಒತ್ತಾಗಿ ನೇಯ್ದದ್ದು ಬೇಕು. ಹೊದೆಯುವುದಕ್ಕಾದರೆ ಮರಿಯ ಮೊದಲ ಉಣ್ಣೆಯದು ಮೇಲು. ಅದು ಮೃದು, ಅದರ ಕಪ್ಪೂ ಗಾಢ, ಬೆಲೆಯೂ ಹೆಚ್ಚು. ಎರಡೂ ಬೆರೆತ ಕಂಬಳಿಯೂ ಸಿಗುತ್ತದೆ.

ಎರಡನೆಯದು ಬೆಳಕಿನ ಪರೀಕ್ಷೆ. ಕಂಬಳಿಯನ್ನು ಬಿಚ್ಚಿ ಸೂರ್ಯನಿಗೆ ಎದುರಾಗಿ ಹಿಡಿಯಬೇಕು. ಬೆಳಕು ಎಲ್ಲ ಕಡೆಗೂ ಒಂದೇ ಸಮನಾಗಿ ಸೋಸಿ ಬಂದರೆ ನೇಯ್ಗೆ ಸಮವಾಗಿದೆ. ಒಂದೆಡೆ ಕತ್ತಲೆ, ಒಂದೆಡೆ ಕಿಂಡಿಯಂತೆ ಬೆಳಕು ಇದ್ದರೆ ತೆಳುವಾದ ಕಡೆ ಬೇಗ ಸವೆಯುತ್ತದೆ. ಆದರೆ ನೂಲಿನ ಸಣ್ಣಪುಟ್ಟ ಏರುಪೇರನ್ನು ದೋಷವೆಂದು ಎಣಿಸಬಾರದು. ಕೈಯಲ್ಲಿ ನೂತದ್ದರ ಗುರುತು ಅದು. ಎಳೆಎಳೆಯೂ ಅಳೆದಂತೆ ಒಂದೇ ಸಮವಿದ್ದರೆ ಅದು ಗಿರಣಿಯ ನೂಲು.

ಮೂರನೆಯದು ಅಂಚು. ಕೈಮಗ್ಗದಲ್ಲಿ ಹೊಕ್ಕಿನ ಎಳೆ ಅಂಚಿನವರೆಗೆ ಹೋಗಿ ತಿರುಗಿ ಬರುತ್ತದೆ. ದೊಡ್ಡ ಥಾನಿನಿಂದ ಕತ್ತರಿಸಿದ್ದಾದರೆ ಅಂಚನ್ನು ಯಂತ್ರದ ಹೊಲಿಗೆಯಿಂದ ಮುಚ್ಚಿರುತ್ತಾರೆ. ಎರಡು ಪಟ್ಟಿಗಳನ್ನು ಕೂಡಿಸಿ ಹೊಲಿದ ಕಂಬಳಿಯಾದರೆ ನಡುವಿನ ಹೊಲಿಗೆಯನ್ನು ಎಳೆದು ನೋಡಬೇಕು. ಹೊಲಿಗೆಗೆ ಹತ್ತಿಯ ದಾರ ಬಳಸಿದ್ದರೆ ಮುಂದೆ ಅದು ಕಂಬಳಿಗಿಂತ ಮೊದಲೇ ಜೀರ್ಣವಾಗುತ್ತದೆ.

ನಾಲ್ಕನೆಯದು ಬಣ್ಣ. ಕರಿಯ ಕಂಬಳಿಯ ಕಪ್ಪು ಕುರಿಯದೇ ಆಗಿರಬೇಕು. ಬಿಳಿಯ ಕರವಸ್ತ್ರದ ತುದಿಯನ್ನು ಒದ್ದೆಮಾಡಿ ಉಜ್ಜಿದರೆ ಕಪ್ಪು ಹತ್ತಬಾರದು. ಹತ್ತಿದರೆ ಬಣ್ಣ ಹಾಕಿದ್ದಾರೆ ಎಂದರ್ಥ. ಹುಟ್ಟುಕಪ್ಪು ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ನಡುನಡುವೆ ಕಂದು, ಬೂದು ಎಳೆಗಳು ಕಾಣುತ್ತವೆ.

ಐದನೆಯದು ಬೆಂಕಿಯ ಪರೀಕ್ಷೆ. ಮಾರುವವನ ಅನುಮತಿ ಪಡೆದು ತುದಿಯಿಂದ ಒಂದೇ ಒಂದು ಎಳೆಯನ್ನು ಕಿತ್ತು, ಕಂಬಳಿಗಳಿಂದ ದೂರ ಹೋಗಿ ಸುಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಬೆಂಕಿಯಿಂದ ತೆಗೆದೊಡನೆ ತಾನೇ ನಂದುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಮುಂತಾದ ಕೃತಕ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನನ್ನ ಸಹಪಾಠಿಯೊಬ್ಬ ಒಂದು ಅಂಗಡಿಯಲ್ಲಿ 'ಶುದ್ಧ ಉಣ್ಣೆ' ಎಂಬ ಚೀಟಿ ನೋಡಿ ಕೊಂಡ ಹೊದಿಕೆಯ ಎಳೆಯನ್ನು ಸುಟ್ಟು ನೋಡಿದೆವು. ಮಣಿಯಾಯಿತು. ಚೀಟಿಯನ್ನು ಓದುವುದರ ಜೊತೆಗೆ ಎಳೆಯನ್ನೂ ಓದಬೇಕೆಂದು ಅಂದು ಅವನಿಗೆ ತಿಳಿಯಿತು.

ಆರನೆಯದು ಉಣ್ಣೆಯ ಮೂಲ. ಬದುಕಿರುವ ಕುರಿಯಿಂದ ಕತ್ತರಿಸಿದ ಉಣ್ಣೆಗೆ ಕಸುವುಂಟು. ಚರ್ಮ ಹದಮಾಡುವ ಕಡೆ ಸುಣ್ಣ ಹಚ್ಚಿ ಕಿತ್ತ ಉಣ್ಣೆಗೆ ಆ ಕಸುವಿಲ್ಲ. ಸುಣ್ಣ ಕೂದಲನ್ನು ತಿನ್ನುತ್ತದೆ. ಹಳೆಯ ಉಣ್ಣೆಯ ಬಟ್ಟೆಗಳನ್ನು ಹರಿದು ಪುನಃ ನೂತು ನೇಯ್ದ ಅಗ್ಗದ ಹೊದಿಕೆಗಳೂ ಪಾಣಿಪತ್ತಿನಂಥ ಊರುಗಳಿಂದ ಬರುತ್ತವೆ. ಅವಕ್ಕೂ ಉಪಯೋಗವುಂಟು, ಆದರೆ ಅವುಗಳಿಂದ ಕಂಬಳಿಯ ಬಾಳಿಕೆಯನ್ನು ನಿರೀಕ್ಷಿಸಲಾಗದು. ಅಂಗೈಯಿಂದ ಹತ್ತು ಸಲ ಬಲವಾಗಿ ತಿಕ್ಕಿದಾಗ ಚಿಕ್ಕ ಚಿಕ್ಕ ತುಣುಕು ಉದುರುತ್ತಿದ್ದರೆ ಎಳೆಗಳು ಗಿಡ್ಡವೆಂದು ತಿಳಿಯಬೇಕು. ಹೊಸ ಕಂಬಳಿಯಿಂದ ಸ್ವಲ್ಪ ಕೂದಲು ಉದುರುವುದು ಸಹಜ.

ಕೊನೆಯದಾಗಿ ಅಳತೆ. ಹೊಸ ಕಂಬಳಿಯಲ್ಲಿ ಹುಣಸೆಯ ಗಂಜಿ ಇರುವುದರಿಂದ ಅದು ಸೆಟೆದಿರುತ್ತದೆ. ಮೊದಲ ಸಲ ತಣ್ಣೀರಲ್ಲಿ ತೊಳೆದಾಗ ಗಂಜಿ ಬಿಟ್ಟು, ಕಂಬಳಿ ಸ್ವಲ್ಪ ಕುಗ್ಗಿ ನೇಯ್ಗೆ ಒತ್ತಾಗುತ್ತದೆ. ಆದ್ದರಿಂದ ಬೇಕಾದ ಅಳತೆಗಿಂತ ಒಂದು ಗೇಣು ಹೆಚ್ಚಿಗೆ ಇರುವುದನ್ನೇ ಆರಿಸಬೇಕು.

ಇಷ್ಟೆಲ್ಲ ನೋಡಿ ಒಂದು ಕಂಬಳಿಯನ್ನು ಆರಿಸಿದೆವು. ಮಾರುವ ಮುದುಕ ಬೆಲೆ ಹೇಳಿದ. ನಾನು ಅಭ್ಯಾಸದಂತೆ ಅರ್ಧಕ್ಕೆ ಕೇಳಿದೆ. ಅಜ್ಜಿ ನನ್ನ ತೋಳು ಹಿಡಿದು ಹಿಂದಕ್ಕೆಳೆದು, "ಸುಮ್ನಿರು. ಇದನ್ನ ನೂಲೋಕೆ ಎಷ್ಟು ದಿನ ಹಿಡೀತದೆ ಅಂತ ನನಗೆ ಗೊತ್ತು" ಎಂದು ಹೇಳಿ, ಸೀರೆಯ ಸೆರಗಿನ ಗಂಟು ಬಿಚ್ಚಿದಳು. ಮುದುಕ ತಾನಾಗಿಯೇ ಸ್ವಲ್ಪ ಕಡಿಮೆ ಮಾಡಿಕೊಂಡ. ಅದನ್ನು ಅಜ್ಜಿ ಒಪ್ಪಿದಳು.

ಆರೈಕೆ

ಕಂಬಳಿಯ ಆರೈಕೆಯಲ್ಲಿ ತೊಳೆಯುವುದಕ್ಕಿಂತ ಕೊಡವುವುದು ಮುಖ್ಯ. ನೆಲಕ್ಕೆ ಹಾಸಿದ ಕಂಬಳಿಯ ಬುಡಕ್ಕೆ ಮರಳಿನ ಕಣಗಳು ಇಳಿಯುತ್ತವೆ. ಕಾಲಿಟ್ಟಾಗಲೆಲ್ಲ ಅವು ಎಳೆಗಳನ್ನು ಅರದಂತೆ ಉಜ್ಜುತ್ತವೆ. ವಾರಕ್ಕೊಮ್ಮೆಯಾದರೂ ಹೊರಗೆ ಒಯ್ದು ಹಿಂಬದಿಯಿಂದ ಬೆತ್ತದಿಂದ ಮೆಲ್ಲಗೆ ತಟ್ಟಿ ಕೊಡವಬೇಕು. ಕೆಲವು ತಿಂಗಳಿಗೊಮ್ಮೆ ತಲೆಕಡೆಯನ್ನು ಕಾಲಕಡೆಗೆ ತಿರುಗಿಸಿ ಹಾಸಿದರೆ ಸವೆತ ಒಂದೇ ಕಡೆಗೆ ಬೀಳುವುದಿಲ್ಲ. ಒದ್ದೆಯ ನೆಲದ ಮೇಲೆ ಎಂದಿಗೂ ಹಾಸಬಾರದು.

ಬೆಳಗಿನ ಎಳೆಬಿಸಿಲು ತಿಂಗಳಿಗೊಮ್ಮೆ ಒಂದೆರಡು ಗಂಟೆ ತಗಲಿದರೆ ವಾಸನೆ ಹೋಗುತ್ತದೆ, ಹುಳುವೂ ನಿಲ್ಲದು. ದಿನವಿಡೀ ಕಡುಬಿಸಿಲಿನಲ್ಲಿ ಬಿಟ್ಟರೆ ಕಪ್ಪು ಕಂದಾಗಿ ಎಳೆ ಪೆಡಸಾಗುತ್ತದೆ. ಅಂದರೆ ನನ್ನ ಗೆಳೆಯರು ಮೂಗು ಮುಚ್ಚಿಕೊಂಡ ವಾಸನೆಗೆ ಒಂದು ಬೆಳಗಿನ ಬಿಸಿಲೇ ಸಾಕಾಗಿತ್ತು!

ಏನಾದರೂ ಚೆಲ್ಲಿದರೆ ಒಡನೆಯೇ ಒಣಬಟ್ಟೆಯಿಂದ ಒತ್ತಿ ತೆಗೆಯಬೇಕು. ಉಜ್ಜಿದರೆ ಕಲೆ ಒಳಗಿಳಿಯುತ್ತದೆ, ಎಳೆಯೂ ಗಂಟುಕಟ್ಟುತ್ತದೆ. ಆಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒತ್ತಬೇಕು.

ತೊಳೆಯುವುದು ವರ್ಷಕ್ಕೆ ಒಂದೆರಡು ಸಲ ಸಾಕು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಇರಲಿ. ಮೊದಲ ನೀರಿನಿಂದ ಕೊನೆಯ ನೀರಿನವರೆಗೂ ಬಿಸುಪು ಒಂದೇ ಇರಲಿ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಹಾಕಿ ಕಿವುಚಿ ಸೋಸಿದ ನೊರೆನೀರು ಉತ್ತಮ. ಸೋಡ ಕ್ಷಾರ, ಕ್ಷಾರ ಉಣ್ಣೆಯನ್ನು ಕೊರೆಯುತ್ತದೆ. ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ದ್ರಾವಣವಂತೂ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ಈಗಿನ ಕೆಲವು ಸಾಬೂನುಪುಡಿಗಳಲ್ಲಿ ಪ್ರೋಟೀನಿನ ಕಲೆಗಳನ್ನು ಜೀರ್ಣಿಸುವ ಕಿಣ್ವಗಳಿರುತ್ತವೆ. ಉಣ್ಣೆಯೇ ಪ್ರೋಟೀನಾದ್ದರಿಂದ ಆ ಕಿಣ್ವಗಳಿಗೆ ಕಲೆಯೂ ಒಂದೇ, ಕಂಬಳಿಯೂ ಒಂದೇ. ಅಂಗೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಬೇಕು. ತಿಕ್ಕಬಾರದು, ಬಡಿಯಬಾರದು, ತಿರುಚಿ ಹಿಂಡಬಾರದು. ಕೊನೆಯ ನೀರಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿದರೆ ಉಳಿದ ಕ್ಷಾರ ಶಮನವಾಗುತ್ತದೆ. ನೀರು ಇಳಿಯುವವರೆಗೆ ಕಲ್ಲಿನ ಮೇಲೆ ಬಿಟ್ಟು, ಆಮೇಲೆ ನೆರಳಿನಲ್ಲಿ ಹಗ್ಗದ ಮಂಚದ ಮೇಲೆ ಹರಡಿ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ.

ಇನ್ನು ಶತ್ರುವಿನ ಮಾತು. ಹೆಸರು ಕೇಳಿ ಕಂಬಳಿಹುಳು ಕಂಬಳಿಯನ್ನು ತಿನ್ನುವುದೆಂದು ಭಾವಿಸಬಾರದು. ಮೈತುಂಬ ರೋಮವಿರುವುದರಿಂದ ಅದಕ್ಕೆ ಆ ಹೆಸರು. ಅದರ ಆಹಾರ ಎಲೆ. ಕಂಬಳಿಯನ್ನು ತಿನ್ನುವುದು ನುಸಿ. ಹಾರುವ ಪತಂಗ ತಿನ್ನುವುದಿಲ್ಲ; ಅದು ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳು ಕೆರಟಿನ್ನನ್ನು ತಿಂದು ಬದುಕುತ್ತದೆ. ಕತ್ತಲೆ, ನಿಶ್ಚಲತೆ, ಬೆವರಿನ ಮತ್ತು ಎಣ್ಣೆಯ ಕೊಳೆ ಇವು ಅದಕ್ಕೆ ಪ್ರಿಯ. ಆದ್ದರಿಂದ ಕೊಳೆಯ ಕಂಬಳಿಯನ್ನು ಪೆಟ್ಟಿಗೆಯಲ್ಲಿಡುವುದು ನುಸಿಗೆ ಔತಣ ಕೊಟ್ಟಂತೆ. ತೊಳೆದು, ಪೂರ್ತಿಯಾಗಿ ಒಣಗಿಸಿ, ಹಳೆಯ ಹತ್ತಿಯ ಪಂಚೆಯಲ್ಲಿ ಸುತ್ತಿ ಇಡಬೇಕು. ಒಣಗಿದ ಬೇವಿನ ಸೊಪ್ಪು ಇಡುವ ವಾಡಿಕೆಯುಂಟು, ಇಡಬಹುದು. ಆದರೆ ಅದನ್ನೇ ನಂಬಿ ಕೂರಬಾರದು. ನುಸಿಗುಳಿಗೆ ಇಟ್ಟರೆ ಬಟ್ಟೆಯಲ್ಲಿ ಕಟ್ಟಿ ಇಡಬೇಕು. ಆ ಕಂಬಳಿಯನ್ನು ಚೆನ್ನಾಗಿ ಗಾಳಿಗೆ ಹಾಕದೆ ಎಳೆಗೂಸುಗಳಿಗೆ ಹೊದಿಸಲೇಬಾರದು. ಎಲ್ಲಕ್ಕಿಂತ ಒಳ್ಳೆಯ ಔಷಧಿ, ತಿಂಗಳಿಗೊಮ್ಮೆ ತೆಗೆದು ಬಿಚ್ಚಿ ಕೊಡವುವುದು. ದಿನವೂ ಬಳಸುವ ಕಂಬಳಿಗೆ ನುಸಿ ಹತ್ತುವುದು ಅಪರೂಪ.

ತೂತು ಬಿದ್ದರೆ ಅದು ಬೆರಳಿನಷ್ಟಿರುವಾಗಲೇ ಉಣ್ಣೆಯ ನೂಲಿನಿಂದಲೇ ಹಾಸುಹೊಕ್ಕು ಹಾಕಿ ಹೆಣೆಯಬೇಕು. ನೈಲಾನ್ ದಾರ ಹಾಕಿದರೆ ಅದು ಪಕ್ಕದ ಉಣ್ಣೆಯನ್ನು ಕತ್ತರಿಸುತ್ತದೆ.

ಕಡೆಯ ಮಾತು

ನಮ್ಮ ಸೀಮೆಯಲ್ಲಿ ಬಂದ ನೆಂಟರಿಗೆ ಮೊದಲು ಕಂಬಳಿ ಹಾಸುತ್ತಾರೆ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕಂಬಳಿಯ ಗದ್ದುಗೆಯಿಲ್ಲದೆ ನಡೆಯದು. ಮೈಲಾರಲಿಂಗನ ಗೊರವರ ಉಡುಗೆ ಕಂಬಳಿ. ಮಡಿವಂತರ ಮನೆಯ ಧಾವಳಿಯೂ ಉಣ್ಣೆಯದೇ. ಇಷ್ಟು ಮರ್ಯಾದೆಯುಳ್ಳ ವಸ್ತುವಿನ ಕಸುಬು ಇಂದು ಕ್ಷೀಣಿಸುತ್ತಿದೆ. ಮಾಂಸಕ್ಕಾಗಿ ಸಾಕುವ, ಉಣ್ಣೆ ಕಡಿಮೆಯಿರುವ ತಳಿಗಳು ಹೆಚ್ಚುತ್ತಿವೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿ, ಕುರಿ ಮೇಯುವ ಬಯಲು ಕಿರಿದಾಯಿತು. ಉಣ್ಣೆಯ ಬೆಲೆ ಕತ್ತರಿಸುವ ಕೂಲಿಗೂ ಸಾಲದೆಂದು ನಮ್ಮೂರಿನ ಕೆಲವರು ಅದನ್ನು ಬೇಲಿಯ ಬುಡಕ್ಕೆ ಎಸೆಯುವುದನ್ನು ನಾನೇ ಕಂಡಿದ್ದೇನೆ. ಒಂದೊಂದು ಊರಿನಲ್ಲಿ ಮಗ್ಗದ ಗುಂಡಿಗಳು ಮುಚ್ಚುತ್ತಿರುವಾಗ, ಇರುವ ಒಂದು ಕಂಬಳಿಯನ್ನು ಅಜ್ಞಾನದಿಂದ ಹಾಳುಮಾಡುವುದು ಎಷ್ಟರ ನಷ್ಟವೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ಕಂಬಳಿಯನ್ನು ಮತ್ತೆ ನೇಯ್ದುಕೊಡುವ ಕೈ ಈಗ ಇಲ್ಲ.

ಹೊಸ ಕಂಬಳಿ ಈಗ ವಿದ್ಯಾರ್ಥಿನಿಲಯದ ನನ್ನ ಕೋಣೆಯಲ್ಲಿದೆ. ತಿಂಗಳಿಗೊಮ್ಮೆ ಬಿಸಿಲು ಕಾಣುತ್ತದೆ. ಹಿಂದೆ ಹಾಸ್ಯ ಮಾಡಿದ ಗೆಳೆಯರು ಚಳಿಗಾಲದಲ್ಲಿ ಓದಲು ಅದರ ಮೇಲೆಯೇ ಬಂದು ಕೂರುತ್ತಾರೆ.

ಕುಗ್ಗಿದ ಹಳೆಯ ಕಂಬಳಿಯನ್ನು ನಾನು ಎಸೆಯಹೊರಟಿದ್ದೆ. ಅಜ್ಜಿ ಅದನ್ನು ಕಸಿದುಕೊಂಡು ರಾಟೆಯ ಮುಂದೆ ಹಾಸಿಕೊಂಡಳು. ಕಾಲು ಮಡಿಸಿ ಕೂತರೆ ಅವಳಿಗೆ ಸರಿಯಾಗಿ ಸಾಲುತ್ತದೆ. "ಅದೂ ಸಣ್ಣದಾಯ್ತು, ನಾನೂ ಸಣ್ಣೋಳಾದೆ. ಸರಿಹೋಯ್ತು ಬಿಡು" ಎಂದಳು. ರಜೆಗೆ ಹೋದಾಗಲೆಲ್ಲ ಅವಳು ಏಳುವುದನ್ನು ಕಾದಿದ್ದು, ಅದನ್ನು ಹೊರಗೆ ಒಯ್ದು ಮೆಲ್ಲಗೆ ಕೊಡವಿ ತಂದು ಹಾಸುವುದು ಈಗ ನನ್ನ ಕೆಲಸ.